ಅಕ್ಕೋರ ಮನಿ ರೊಟ್ಟಿ

ಕುಬಿಹಾಳದಲ್ಲಿ ‘ಸುನಿತಾ ಟೀಚರ್ ಮನೆ ಎಲ್ಲಿ’ ಎಂದು ಕೇಳಿದರೆ ಮಕ್ಕಳು ಕಣ್ಣು ಕಣ್ಣು ಬಿಡುತ್ತಾರೆ. ‘ಅಕ್ಕೋರ ಮನಿ’ ಎಂದರೆ ಮಾತ್ರ ಬಾಗಿಲ ತನಕ ಬಂದು ಬಿಟ್ಟು ಹೋಗುತ್ತಾರೆ. ಊರಿನ ಸರಕಾರಿ ಶಾಲೆಯಲ್ಲಿ ಆರನೆಯ ತರಗತಿ ಅವಳದು. ನಸುಕಿನಲ್ಲಿ ಎದ್ದು ನೀರು ತುಂಬಿ, ಗಂಡ ಕಾಶಿನಾಥನ ಡಬ್ಬಿ ಕಟ್ಟಿ, ಮಗಳು ಧನಶ್ರೀಯ ಜಡೆ ಹಾಕಿ, ಅತ್ತೆ ಶಾರದವ್ವನಿಗೆ ಗುಳಿಗೆ ಕೊಟ್ಟು, ಪ್ರಾರ್ಥನೆಯ ಗಂಟೆಗೆ ಐದು ನಿಮಿಷ ಮೊದಲೇ ಶಾಲೆಯ ಗೇಟಿನಲ್ಲಿ ನಿಂತಿರುತ್ತಾಳೆ. ಹನ್ನೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿಲ್ಲ ಎಂಬುದು ಅವಳ ಜಂಬ. ಇರಲಿ ಬಿಡಿ, ಅಷ್ಟು ಒದ್ದಾಡುವವರಿಗೆ ಅಷ್ಟಾದರೂ ಜಂಬ ಬೇಡವೇ?

ಈ ವರ್ಷ ಶ್ರಾವಣಕ್ಕೆ ಮುಂಚೆ ಶಾರದವ್ವ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪ್ಲಾಸ್ಟರ್ ಬಿತ್ತು. ಅವಳಿಗೆ ಕೈನೋವಿಗಿಂತ ಹೆಚ್ಚಿನ ಚಿಂತೆ ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ್ದು. ಆ ದಿನ ಓಣಿಯ ಮನೆಮನೆಗೂ ತಾಟು ಹೋಗಬೇಕು. ತೆಳ್ಳನೆಯ ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೆ ಎರಡು ಬಗೆಯ ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ. ಹೋದ ತಾಟು ಬರಿದಾಗಿ ಮರಳುವ ಹಾಗಿಲ್ಲ. ಆ ಮನೆಯವರು ತಮ್ಮ ರೊಟ್ಟಿ ಇಟ್ಟೇ ಕಳಿಸಬೇಕು. ಶಾರದವ್ವ ನಲವತ್ತು ವರ್ಷ ಹನ್ನೊಂದು ಮನೆಗೆ ತಾಟು ಕಳಿಸಿದವಳು.

“ಈ ಸಲ ನಾಕು ಮನಿಗೆ ಕಳಿಸಿದ್ರ ಸಾಕ ಬಿಡವ್ವಾ,” ಎಂದಳು ಸೊಸೆಗೆ.

“ಹನ್ನೊಂದಕ್ಕೂ ಹೋಗ್ತಾವ ಅತ್ತಿ. ನಾನ ಬಡಿತೀನಿ,” ಎಂದಳು ಸುನಿತಾ.

ಅಂದುಬಿಟ್ಟಳು. ಅನ್ನುವುದರಲ್ಲಿ ಅವಳು ಯಾವತ್ತೂ ಹಿಂದೆ ಬಿದ್ದವಳಲ್ಲ.

ಹಬ್ಬದ ವಾರದ ಸೋಮವಾರ ಶಾಲೆಯಲ್ಲಿ ಒಂದು ಪ್ರಸಂಗ ನಡೆಯಿತು. ‘ನಮ್ಮ ಓಣಿ’ ಎಂದು ಒಂದು ಪುಟ ಬರೆದು ತರಲು ಹೇಳಿದ್ದಳು. ಎದುರು ಮನೆಯ ದುರ್ಗವ್ವನ ಮಗಳು ದ್ಯಾಮವ್ವ ತಂದ ಪುಟದಲ್ಲಿ ಅಕ್ಷರಗಳೆಲ್ಲ ಮುತ್ತಿನಂತೆ ಇದ್ದವು. ದ್ಯಾಮವ್ವನ ಅಕ್ಷರ ಹಾಗಿಲ್ಲ ಎಂದು ಸುನಿತಾಳಿಗೆ ಗೊತ್ತಿರದೇ ಇರುತ್ತದೆಯೇ? ಹುಡುಗಿಯನ್ನು ಇಪ್ಪತ್ತೆಂಟು ಮಕ್ಕಳ ಎದುರು ನಿಲ್ಲಿಸಿದಳು. ಚಿಕ್ಕಮ್ಮ ಬರೆದುಕೊಟ್ಟಳು ಎಂದು ದ್ಯಾಮವ್ವ ಒಪ್ಪಿಕೊಂಡಳು.

“ನಿನ್ನ ಕೈಲೆ ಆಗಿದ್ದು ಎಷ್ಟ ಸೊಟ್ಟ ಇದ್ರೂ ನನಗ ಚಂದ. ಮಂದಿ ಕೈಲೆ ಆಗಿದ್ದು ತಂದು ನಂದು ಅನಬಾರ್ದು. ತಿಳೀತಿಲ್ಲೋ?”

“ತಿಳೀತ್ರಿ ಅಕ್ಕೋರ,” ಎಂದು ಹುಡುಗಿ ಮೂಗು ಒರೆಸಿಕೊಂಡಳು.

ಮರುದಿನದಿಂದ ಮೂರು ದಿನ ಕುಂದಗೋಳದಲ್ಲಿ ಶಿಕ್ಷಕರ ತರಬೇತಿ. ಬೆಳಗ್ಗೆ ಹೋದರೆ ಬರುವಾಗ ದೀಪ ಹಚ್ಚುವ ಹೊತ್ತು. ಮೊದಲ ದಿನ ಹಿಟ್ಟು ಬೀಸಿಸಲು ಆಗಲಿಲ್ಲ. ಎರಡನೆಯ ದಿನ ಹಿಟ್ಟು ಬಂತು, ಆದರೆ ಧನಶ್ರೀಗೆ ಜ್ವರವೂ ಬಂತು. ಮೂರನೆಯ ದಿನ ಸಂಜೆ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎದುರಿಗೇ ರೊಟ್ಟಿ ಅಂಗಡಿ ಕಂಡಿತು. ಗಾಜಿನ ಹಿಂದೆ ರೊಟ್ಟಿಯ ಕಟ್ಟುಗಳು ಸಾಲಾಗಿ ಕೂತಿದ್ದವು. ಸುನಿತಾ ಎರಡು ಬಸ್ಸು ಬಿಟ್ಟಳು. ಮೂರನೆಯದನ್ನು ಹತ್ತಿದಾಗ ಕೈಯಲ್ಲಿ ಎರಡು ದೊಡ್ಡ ಚೀಲಗಳಿದ್ದವು.

ಮರುದಿನವೇ ಹಬ್ಬ. ಬೇಗ ಎದ್ದು ಪಲ್ಯ, ಚಟ್ನಿ ಎಲ್ಲ ತಾನೇ ಮಾಡಿದಳು. ರೊಟ್ಟಿಗಳನ್ನು ಮನೆಯ ಬುಟ್ಟಿಗೆ ಸುರಿದು, ಮನೆಯ ಅರಿವೆ ಮುಚ್ಚಿದಳು. ಜ್ವರ ಬಿಟ್ಟು ಚುರುಕಾಗಿದ್ದ ಧನಶ್ರೀ ಹನ್ನೊಂದು ಮನೆಗೂ ತಾಟು ಮುಟ್ಟಿಸಿ ಬಂದಳು. ಶಾರದವ್ವ ನಡುಮನೆಯಲ್ಲಿ ಕೂತು ನೋಡಿದಳು, ಏನೂ ಅನ್ನಲಿಲ್ಲ. ಪಾರಾದೆ ಎಂದುಕೊಂಡಳು ಸುನಿತಾ.

ಮಧ್ಯಾಹ್ನ ದುರ್ಗವ್ವನ ಮನೆಯಿಂದ ತಾಟು ಮರಳಿತು. ಅರಿವೆ ಸರಿಸಿದ ಸುನಿತಾಳ ಕೈ ಅಲ್ಲೇ ನಿಂತಿತು. ದುರ್ಗವ್ವನ ಬಲಗೈ ಕಿರುಬೆರಳು ಸೊಟ್ಟ. ರೊಟ್ಟಿ ಬಡಿಯುವಾಗ ಅದು ಅಂಚಿನ ಹತ್ತಿರ ಒಂದು ಸಣ್ಣ ಕುಳಿ ಬಿಡುತ್ತದೆ. ತಾಟಿನ ರೊಟ್ಟಿಗಳಲ್ಲಿ ಆ ಕುಳಿ ಇತ್ತು. ತನ್ನ ಬುಟ್ಟಿಯಲ್ಲಿ ಉಳಿದಿದ್ದ ಅಂಗಡಿಯ ರೊಟ್ಟಿ ತೆಗೆದು ನೋಡಿದಳು. ಅದರಲ್ಲೂ ಇತ್ತು. ಎಲ್ಲದರಲ್ಲೂ ಇತ್ತು.

ದುರ್ಗವ್ವ ಕುಂದಗೋಳಕ್ಕೆ ರೊಟ್ಟಿ ಮಾಡಿಕೊಡುತ್ತಾಳೆ ಎಂದು ಓಣಿಗೆಲ್ಲ ಗೊತ್ತು. ಯಾವ ಅಂಗಡಿಗೆ ಎಂದು ಸುನಿತಾ ಯಾವತ್ತೂ ಕೇಳಿರಲಿಲ್ಲ.

“ಕೈಗೆ ಪ್ಲಾಸ್ಟರ್ ಹಾಕ್ಯಾರ, ಕಣ್ಣಿಗೆ ಹಾಕಿಲ್ಲ,” ಎಂದಳು ಹಿಂದಿನಿಂದ ಶಾರದವ್ವ. “ತಾಟು ಕಟ್ಟೂ ಮುಂದ ನಾನೂ ನೋಡೇನಿ.”

“ಮತ್ತ ಯಾಕ ಅನ್ನಲಿಲ್ಲ ಅತ್ತಿ?”

“ಭಾಳ ದಣದಿದ್ದಿ. ಏನಂತ ಅನ್ನಲಿ?”

ಕಾಶಿನಾಥನಿಗೆ ಇದರಲ್ಲಿ ಅಂಥದ್ದೇನೂ ಕಾಣಲಿಲ್ಲ. “ದುರ್ಗವ್ವಗ ಹೇಳಿ ಮಾಡಿಸಿದ್ವಿ ಅಂದ್ರಾತು. ಯಾರು ಕೇಳ್ತಾರ?” ಎಂದು ಎಣ್ಣೆಗಾಯಿಗೆ ಕೈ ಹಾಕಿದ.

ಯಾರೂ ಕೇಳಲಿಕ್ಕಿಲ್ಲ. ಆದರೆ ಸೋಮವಾರ ಶಾಲೆ ತೆರೆಯುತ್ತದೆ, ದ್ಯಾಮವ್ವ ಮುಂದಿನ ಸಾಲಿನಲ್ಲೇ ಕೂರುತ್ತಾಳೆ. ಆ ಹುಡುಗಿಗೆ ಇನ್ನೊಮ್ಮೆ ‘ನಿನ್ನ ಕೈಲೆ ಬರಿ’ ಎನ್ನಲು ಬಾಯಿ ಬರುತ್ತದೆಯೇ? ಸುನಿತಾಳಿಗೆ ನಾಚಿಕೆಯಾಯಿತು. ಎದ್ದು ಮುಖ ತೊಳೆದು, ಸೆರಗು ಸರಿಮಾಡಿಕೊಂಡು ಹೊರಗೆ ನಡೆದಳು.

ಬೇವಿನ ಮರಕ್ಕೆ ಪಂಚಮಿಯ ಜೋಕಾಲಿ ಕಟ್ಟಿಯಾಗಿತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಅಲ್ಲೇ ಇದ್ದರು. ಜೋಕಾಲಿಯ ಮೇಲೆ ದ್ಯಾಮವ್ವ, ಪಕ್ಕದಲ್ಲಿ ಅವಳವ್ವ. ಸುನಿತಾ ಪಾಠ ಹೇಳುವ ದನಿಯಲ್ಲೇ ಹೇಳಿದಳು.

“ಎಲ್ಲಾರೂ ಕೇಳ್ರಿ. ಇವತ್ತ ನಮ್ಮನಿ ತಾಟಿನಾಗ ಬಂದ ರೊಟ್ಟಿ ನಾ ಮಾಡಿದ್ದಲ್ಲ. ಕುಂದಗೋಳದ ಅಂಗಡ್ಯಾಗ ತಂದಿದ್ದು. ನಂದು ಅಂತ ಕಳಿಸಿದೆ, ತಪ್ಪಾತು. ದ್ಯಾಮವ್ವಾ, ನಿನ್ನ ಎಲ್ಲಾರ ಮುಂದ ನಿಲ್ಲಿಸಿದ್ದೆ. ಈಗ ನಾನೂ ನಿಂತೇನಿ ನೋಡು.”

ಜೋಕಾಲಿ ನಿಂತಿತು. ಮೊದಲು ನಕ್ಕವಳು ಮೂಲೆಮನೆಯ ಮೈಮುನಬಿ. “ಅದಕ್ಕ ಮತ್ತ! ದುರ್ಗವ್ವ ಎರಡ ಸಲ ಯಾಕ ಕಳಿಸ್ಯಾಳ ಅಂತ ನಾ ವಿಚಾರ ಮಾಡಾಕತ್ತಿದ್ದೆ!” ಎಲ್ಲರೂ ನಕ್ಕರು. ಸುನಿತಾಳೂ ನಕ್ಕಳು. ದುರ್ಗವ್ವ ಮಾತ್ರ ನಗಲಿಲ್ಲ.

“ಕೊಂಡದ್ದು ತಪ್ಪಲ್ರಿ ಅಕ್ಕೋರ. ಮಾರಾಕಂತನ ಮಾಡೇನಿ,” ಎಂದಳು. “ಆದ್ರ ವರ್ಷಾನಗಟ್ಲೆ ನಾ ಮಂದಿಗೆ ರೊಟ್ಟಿ ಬಡಿತೇನಿ. ಮಂದಿ ಕೈಯಾಗಿನ ರೊಟ್ಟಿ ನಾ ತಿನ್ನೂದು ಇದೊಂದ ದಿನ. ನಿಮ್ಮನಿ ತಾಟು ಬಂತಂತ ಆಸೇಲೆ ಅರಿವಿ ತಗದೆ, ನೋಡಿದ್ರ ನನ್ನ ರೊಟ್ಟೀನ ನನಗ ಬಂದಾವ.”

ಸುನಿತಾ ತನ್ನ ಮರ್ಯಾದೆಯ ಲೆಕ್ಕ ಹಾಕುತ್ತ ಬಂದಿದ್ದಳು. ಈ ಲೆಕ್ಕ ಅವಳಿಗೆ ಹೊಳೆದೇ ಇರಲಿಲ್ಲ.

“ನಡಿ ದುರ್ಗಕ್ಕ,” ಎಂದಳು. “ಹಬ್ಬ ಇನ್ನಾ ಮುಗಿದಿಲ್ಲ. ದ್ಯಾಮವ್ವಾ, ನೀನೂ ಬಾ.”

ಬೀಸಿಸಿದ ಹಿಟ್ಟು ಮನೆಯಲ್ಲಿ ಹಾಗೇ ಇತ್ತು. ಸುನಿತಾ ಒಲೆ ಹಚ್ಚಿ ಎಸರಿಟ್ಟು, ಹಿಟ್ಟು ನಾದಿ ಕೂತಳು. ಮೊದಲನೆಯದು ಹರಿಯಿತು. ಎರಡನೆಯದು ಹಂಚಿಗೆ ಹೋಗುವ ದಾರಿಯಲ್ಲೇ ಮಡಚಿಕೊಂಡಿತು. ದುರ್ಗವ್ವನ ಕೈ ತಾನಾಗಿಯೇ ಹಿಟ್ಟಿನ ಕಡೆ ಹೊರಟಿತು.

“ಕೈ ತಗಿ! ಸುಮ್ಮನ ಕುಂದರು ನೀ,” ಎಂದು ಸುನಿತಾ ಗದರಿದಳು. ದುರ್ಗವ್ವ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಳು. ಬೇರೆಯವರು ರೊಟ್ಟಿ ಬಡಿಯುವುದನ್ನು ಸುಮ್ಮನೆ ನೋಡುತ್ತ ಕೂರುವುದು ಅವಳಿಗೂ ಹೊಸದು.

ಮೂರನೆಯದು ಬೆಂದಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಅಂಚಿನಲ್ಲಿ ಒಂದು ಮೂಗು. ದ್ಯಾಮವ್ವ ಅದನ್ನು ಎತ್ತಿಕೊಂಡು, ಅಕ್ಕೋರು ನೋಟುಪುಸ್ತಕ ತಿದ್ದುವಾಗ ಮಾಡುವಂತೆ ಹಿಂದೆ ಮುಂದೆ ತಿರುವಿ ನೋಡಿದಳು.

“ಭಾಳ ಸೊಟ್ಟ ಐತ್ರಿ ಅಕ್ಕೋರ,” ಎಂದಳು. “ಆದ್ರ ನಿಮ್ಮ ಕೈಲೆ ಆಗೇತಿ.”

ಶಾರದವ್ವ ಎಡಗೈಯಿಂದಲೇ ಶೇಂಗಾ ಚಟ್ನಿ ಬಡಿಸಿದಳು. ದುರ್ಗವ್ವ ರೊಟ್ಟಿ ಮುರಿದು, ಒಂದು ತುತ್ತು ನಿಧಾನಕ್ಕೆ ಅಗಿದು ನುಂಗಿದಳು. ಒಲೆಯ ಮುಂದಿನ ಅಕ್ಕೋರು ಫಲಿತಾಂಶಕ್ಕೆ ಕಾಯುವವರಂತೆ ಅವಳ ಮುಖವನ್ನೇ ನೋಡುತ್ತಿದ್ದರು.

“ಇನ್ನೊಂದ ಬಡೀರಿ,” ಎಂದಳು ದುರ್ಗವ್ವ.