ಮಿಡಿಗೇಶಿವರೆಗೊಂದು ಟ್ರಯಲ್

ಮಧುಗಿರಿಯ ಶಿರಾ ರಸ್ತೆಯಲ್ಲಿ ನನ್ನದೊಂದು ಇಡ್ಲಿ ಹೋಟೆಲು. ಮಗ್ಗುಲಲ್ಲೇ ತಿಪ್ಪೇಶನ ವೈರಿಂಗ್ ಅಂಗಡಿ. ಕಾರು, ಟೆಂಪೊಗಳ ಕರೆಂಟಿನ ಕೆಲಸವೆಲ್ಲ ಅವನದು. ಜನ ತಮ್ಮ ಗಾಡಿಯೊಳಗೆ ಎಂಥ ಕೊಳಕು ಸಾಕಿಕೊಂಡಿರುತ್ತಾರೆ ಅಂತ ನೋಡಬೇಕಾದರೆ ಒಂದು ಬೆಳಗ್ಗೆ ನಮ್ಮ ಜಗಲಿ ಮೇಲೆ ಕೂರಬೇಕು. ಹೊರಗೆ ಪಳಪಳ ಪಾಲಿಶು. ಸೀಟು ಎತ್ತಿದರೆ ಇಲಿ ಹಿಕ್ಕೆ, ಗುಟ್ಕಾ ಚೀಟಿ, ಯಾವ ಕಾಲದಲ್ಲೋ ಯಾರೋ ಕಕ್ಕಿದ್ದರ ವಾಸನೆ. ತಿಪ್ಪೇಶ ಬಾಗಿಲು ತೆಗೆದು ಥೂ ಅಂದರೆ ನಾನು ಸಾಂಬಾರಿನ ಪಾತ್ರೆಗೆ ತಟ್ಟೆ ಮುಚ್ಚುತ್ತೇನೆ.

ಅವನೇನು ದೊಡ್ಡ ಜ್ಞಾನಿಯಲ್ಲ. ಶಿರಾದ ಲಾರಿ ಗ್ಯಾರೇಜಿನಲ್ಲಿ ಬೈಸಿಕೊಂಡು ಕೆಲಸ ಕಲಿತವನು. ಬೆಕ್ಕು ಅಡ್ಡ ಬಂದರೆ ಅಂಗಡಿ ತೆಗೆಯುವುದು ತಡ ಮಾಡುವ ಆಸಾಮಿ. ಅಮಾವಾಸ್ಯೆಗೆ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ತಪ್ಪಿಸುವುದಿಲ್ಲ. ಬಾಯಿ ಬಲು ಕೆಟ್ಟದ್ದು. ಗಿರಾಕಿ ಗಾಡಿಯ ಕಥೆ ಶುರುಮಾಡಿದರೆ ಸುಮ್ಮನಿರಿ ಅಂತ ಗದರುತ್ತಾನೆ. ಆದರೆ ಕೆಲಸ ಮುಗಿದ ಮೇಲೆ ಮಾಲೀಕನನ್ನೇ ಸ್ಟೀರಿಂಗಿಗೆ ಕೂರಿಸಿ, ತಾನು ಪಕ್ಕದಲ್ಲಿ ಕೂತು ಒಂದು ಟ್ರಯಲ್ ಹೋಗಿಬಾರದೆ ಗಾಡಿ ಬಿಡುವವನಲ್ಲ.

ಈ ಬೇಸಿಗೆಯಲ್ಲಿ ಬಡವನಹಳ್ಳಿಯಿಂದ ಒಂದು ಬಿಳಿ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಜೊತೆಗೆ ಪ್ರಸನ್ನ ಕುಮಾರ ಅನ್ನುವ ಹುಡುಗ, ಅವನ ತಾಯಿ ಕೆಂಚಮ್ಮ. ಅವನಿಗೆ ಮದುವೆಯಾಗಿ ತಿಂಗಳೂ ಆಗಿರಲಿಲ್ಲ. ಅದು ಮಿಡಿಗೇಶಿಯ ಮಾವ ಮದುವೆಯಲ್ಲಿ ಕೊಟ್ಟ ಸೆಕೆಂಡ್ ಹ್ಯಾಂಡ್ ಕಾರು. ತಿಪ್ಪೇಶ ಬಾನೆಟ್ ಎತ್ತುವಷ್ಟರಲ್ಲಿ ಕೆಂಚಮ್ಮ ನನ್ನ ಹೋಟೆಲಿನಲ್ಲಿ ಕೂತು, ಇಡ್ಲಿ ಮುರಿಯುತ್ತ ಎಲ್ಲ ಹೇಳಿದಳು. ಸೊಸೆ ಶೃತಿ ಹೊಸ್ತಿಲು ತುಳಿದು ಒಳಗೆ ಬಂದ ಮಾರನೆಯ ಬೆಳಗ್ಗೆಯೇ ಕಾರು ಸೆಲ್ಫ್ ತೆಗೆದುಕೊಳ್ಳಲಿಲ್ಲವಂತೆ. ತಳ್ಳಿ ಸ್ಟಾರ್ಟ್ ಮಾಡಿದರೆ ಮತ್ತೆ ಬೆಳಗ್ಗೆ ಅದೇ ಪಾಡು. ಹೊಸ ಬ್ಯಾಟರಿ ಹಾಕಿಸಿದರೆ ಅದೂ ಮಲಗಿತಂತೆ. ಮಗ ಕಾರು ತೆಗೆಯುವ ಹೊತ್ತಿಗೆ ಸೊಸೆಯನ್ನು ಹಿತ್ತಲಿಗೆ ಕಳಿಸಿ ನೋಡಿದ್ದಾಯಿತು, ಪ್ರಯೋಜನವಾಗಲಿಲ್ಲ. ಕೊನೆಗೆ ತವರಿಗೇ ಕಳಿಸಿದ್ದಾಳೆ.

"ಕಾಲ್ಗುಣ ಸರಿಯಿಲ್ಲ ಕಣಮ್ಮ," ಅಂದಳು. ಅಂದು, ಇನ್ನೊಂದು ಸೌಟು ಚಟ್ನಿ ಕೇಳಿದಳು.

ನನಗೆ ಮೈಯೆಲ್ಲ ಹೇಸಿಗೆಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆದರೂ ಚಟ್ನಿ ಹಾಕಿದೆ. ಹೋಟೆಲಿನವಳು ಬೇರೇನು ಮಾಡಲಿ?

ಅತ್ತ ತಿಪ್ಪೇಶ ಚಾರ್ಜಾದ ತನ್ನ ಬ್ಯಾಟರಿಯೊಂದನ್ನು ಕಾರಿಗಿಟ್ಟ. ಕೀ ಕಿತ್ತು ಜೇಬಿಗೆ ಹಾಕಿಕೊಂಡ. ನೆಗೆಟಿವ್ ವೈರು ಬಿಚ್ಚಿ, ಅದಕ್ಕೂ ಬ್ಯಾಟರಿಗೂ ನಡುವೆ ಒಂದು ಸಣ್ಣ ಬಲ್ಬು ಸೇರಿಸಿದ. ಎಲ್ಲ ಆಫ್ ಆಗಿರುವ ಗಾಡಿ ಕರೆಂಟು ಎಳೆಯಬಾರದು, ಬಲ್ಬು ಉರಿಯಬಾರದು. ಉರಿಯಿತು. ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಎಲ್ಲ ಕಿತ್ತರೂ ಬಲ್ಬು ಆರಲಿಲ್ಲ. ಫ್ಯೂಸಿನ ದಾರಿಯನ್ನೇ ತಪ್ಪಿಸಿ ಯಾವುದೋ ಕಳ್ಳ ವೈರು ನೇರ ಬ್ಯಾಟರಿಗೆ ಬಾಯಿ ಹಾಕಿದೆ ಅಂದ.

ಒಂದು ಕೆಂಪು ವೈರು ಸಿಕ್ಕಿತು. ಅದರ ಹಿಂದೆ ಬಿದ್ದು ಕಾರ್ಪೆಟ್ ಎತ್ತಿದ. ಅಬ್ಬಾ, ಆ ನಾತ! ಚೆಲ್ಲಿದ ಬಿಯರು, ಕೋಳಿ ಮೂಳೆ, ಮದುವೆ ಹಾರದ ಕೊಳೆತ ಹೂವು. ತಿಪ್ಪೇಶ ಮೂಗಿಗೆ ಟವೆಲು ಕಟ್ಟಿಕೊಂಡು ಹಿಂದಿನ ಡಿಕ್ಕಿಯವರೆಗೆ ಹೋದ. ಅಲ್ಲಿ ಪೆಟ್ಟಿಗೆಯಷ್ಟು ದೊಡ್ಡ ವೂಫರ್ ಸ್ಪೀಕರು, ಅದಕ್ಕೊಂದು ಆಂಪ್ಲಿಫೈಯರು, ಟೇಪು ಸುತ್ತಿದ ಜಾಯಿಂಟು. ಹಾಡು ನಿಂತರೂ ಅದು ಆಫ್ ಆಗದ ಹಾಗೆ ಕಟ್ಟಿದ್ದರು. ರಾತ್ರಿಯೆಲ್ಲ ಬ್ಯಾಟರಿ ಹೀರುತ್ತಿದ್ದುದು ಅದೇ. ವೈರು ಕಿತ್ತ, ಬಲ್ಬು ಆರಿತು.

ಇದನ್ನು ಕಟ್ಟಿದ್ದು ಯಾರು ಅಂತ ಕೇಳಿದ. ತಾನೇ ಅಂದ ಪ್ರಸನ್ನ. ಮದುವೆ ಮೆರವಣಿಗೆಗೆ ಹಾಡು ಜೋರಾಗಿ ಬರಲಿ ಅಂತ ಗೆಳೆಯರ ಜೊತೆ ಕೂತು ಕಟ್ಟಿದ್ದನಂತೆ. ಹೆಂಡತಿಯೂ ಆ ವೈರೂ ಒಂದೇ ದಿನ ಆ ಮನೆಗೆ ಬಂದಿದ್ದವು.

ತಿಪ್ಪೇಶ ಕೆಂಚಮ್ಮನನ್ನು ಕರೆದು, ವೈರು ಕೂಡಿಸಿ ತೋರಿಸಿದ, ಬಿಡಿಸಿ ತೋರಿಸಿದ. ಬಲ್ಬು ಉರಿಯುವುದನ್ನೂ ಆರುವುದನ್ನೂ ಅವಳು ಕಣ್ಣಾರೆ ನೋಡಿದಳು.

"ಏನೋ ಕಣಪ್ಪ. ಅವ್ಳು ಅತ್ಲಾಗೆ ಹೋದ್ಮೇಲೆ ತಾನೆ ರಿಪೇರಿ ಆಗಿದ್ದು? ಇನ್ನೊಂದ್ ವಾರ ಅಲ್ಲೇ ಇರ್ಲಿ. ಗಾಡಿ ಹೆಂಗ್ ಓಡ್ತದೋ ನೋಡನ."

ಕಿತ್ತ ವೈರನ್ನು ತಿಪ್ಪೇಶ ಪ್ರಸನ್ನನ ಕೈಗಿಟ್ಟ. ಅವನು ಮೊಬೈಲು ನೋಡುತ್ತ ನಿಂತ. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತಿ ಬಿಸಾಡುವ ತಿಪ್ಪೇಶ, ಅವನ ಮುಖ ನೋಡಲಾರದೆ ಆಚೆ ತಿರುಗಿಕೊಂಡ. ಸೋಪು ಹಚ್ಚಿ ಕೈ ತೊಳೆದ, ಮತ್ತೊಂದು ಸಲ ತೊಳೆದ. ಆಮೇಲೆ ನನ್ನ ಹತ್ತಿರ ಬಂದು, "ಆ ಹುಡ್ಗಿಗೆ ನಿಜ ಹೇಳಿ ಬರ್ಬೇಕು. ಹೆಣ್ಮಗಳ ಮನೆಗೆ ಒಬ್ನೇ ಹೋಗಕಾಗಲ್ಲ, ನೀನೂ ಬಾರಕ್ಕ," ಅಂದ. ನಾನು ಒಲೆ ಆರಿಸಿದೆ.

ಹೊಸದಾಗಿ ರಿಪೇರಿಯಾದ ಗಾಡಿಯಲ್ಲಿ ಕೂರಲು ಹೆದರಿ ಕೆಂಚಮ್ಮ ಬಸ್ಸಿಗೆ ಹೋದಳು. ಪ್ರಸನ್ನ ಟ್ರಯಲ್ ಅಂತಲೇ ಕಾರು ಹೊರಡಿಸಿದ. ಊರು ದಾಟುವಾಗ ತಿಪ್ಪೇಶ ಮಿಡಿಗೇಶಿ ಕಡೆ ತಿರುಗಿಸು ಅಂದ. ಅಲ್ಲಿಗ್ಯಾಕೆ ಅಂತ ಇವನು ಗೊಣಗಿದ. ಟ್ರಯಲ್ ಎಲ್ಲಿಯವರೆಗೆ ಅಂತ ಹೇಳುವವನು ನಾನು ಅಂದ ತಿಪ್ಪೇಶ. ಪ್ರಸನ್ನ ತಿರುಗಿಸಿದ.

ಶೃತಿ ಮನೆ ಮುಂದೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕಾರು ಕಂಡ ಕೂಡಲೇ ಎದ್ದು ಸೆರಗು ಸರಿಮಾಡಿಕೊಂಡಳು. ಕರೆದುಕೊಂಡು ಹೋಗಲು ಬಂದರು ಅಂದುಕೊಂಡಳೋ ಏನೋ, ಮುಖ ಅರಳಿತು.

"ತೆಪ್ಪು ನಿನ್ ಕಾಲ್ಗುಣದ್ದಲ್ಲ ಕಣಮ್ಮ," ಅಂದ ತಿಪ್ಪೇಶ, "ಇವನು ಎಳೆದಿರೋ ವೈರಿಂದು." ವೂಫರಿನ ವಿಷಯ, ಬ್ಯಾಟರಿಯ ವಿಷಯ ಎಲ್ಲ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು ಗಂಡನ ಕಡೆ ತಿರುಗಿದಳು. ಅತ್ತೆಗೆ ಇದು ಗೊತ್ತೇ ಅಂತ ಕೇಳಿದಳು. ಗೊತ್ತು ಅಂದ. ಏನಂದರು? ಇನ್ನೊಂದು ವಾರ ಕಳೆಯಲಿ ಅಂದರು ಅಂದ.

"ನೀವೇನಂದ್ರಿ?"

ಅವನು ಕೀಯನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸಿದ. ಅವಳು ಕಾದಳು. ಒಂದೇ ಒಂದು ಮಾತಾಡೋ ಗಂಡಸೇ ಅಂತ ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ.

"ಗಾಡಿ ಸರಿಯಾಯ್ತಲ್ಲ, ಬುಡು," ಅಂದ. "ಮುಂದಿನ ವಾರ ಬಂದು ಕರ್ಕಂಡ್ ಹೋಯ್ತೀನಿ."

"ಗಾಡಿ ಸ್ಟಾರ್ಟ್ ಆಗ್ಲಿಲ್ಲ ಅಂತ ಕಳ್ಸುದ್ರಿ," ಅಂದಳು ಶೃತಿ. ದನಿ ಎತ್ತರಿಸಲಿಲ್ಲ. "ಸ್ಟಾರ್ಟ್ ಆಯ್ತು ಅಂತ ಕರಿಯೋದಾದ್ರೆ ಬರ್ಬೇಡಿ."

ಹೋಗಿ ಹುಣಸೆಹಣ್ಣಿನ ಮುಂದೆ ಕೂತಳು. ನಾವು ಬಸ್ಸಿಗೆ ಬರುತ್ತೇವೆ, ನೀನು ನಡಿ ಅಂದ ತಿಪ್ಪೇಶ. ಪ್ರಸನ್ನ ಕಾರು ಹತ್ತಿ ಕೀ ತಿರುಗಿಸಿದ. ಸೆಲ್ಫ್ ಒಂದೇ ಸಲಕ್ಕೆ ತೆಗೆದುಕೊಂಡಿತು.