ಆ ಪಿಸ್ತೂಲಿನ ಮೇಲೆ ನನ್ನ ಮುದ್ರೆ

೨೦೦೭ರ ಫೆಬ್ರವರಿಯ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲಿಗೆ ನಾನು ಹೊಳೆಆಲೂರು ರೈಲು ನಿಲ್ದಾಣದ ನಳದ ಪಕ್ಕ ನಿಂತಿದ್ದೆ. ಗದಗಿಗೆ ಹೋಗಬೇಕಿತ್ತು. ಸರಕಾರಿ ಬಂದೂಕು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಪರೀಕ್ಷಕನಾಗಿದ್ದು, ನಿವೃತ್ತನಾಗಿ ನನ್ನೂರು ಪುರ್ತಗೇರಿಗೆ ಬಂದು ಎರಡು ವರ್ಷವಾಗಿತ್ತು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು.

ಗಾಡಿ ಬಂದು ನಿಲ್ಲುವಾಗಲೇ ಒಳಗೆ ಗದ್ದಲ. ದರೋಡೆ ಗ್ಯಾಂಗಿನ ಮೂವರು ಪ್ರಯಾಣಿಕರನ್ನು ಸುಲಿಯುತ್ತಿದ್ದರಂತೆ. ಜನ ತಿರುಗಿಬಿದ್ದಾಗ ಇಬ್ಬರು ಹಾರಿ ಓಡಿದರು, ಒಬ್ಬ ಸಿಕ್ಕಿಬಿದ್ದ. ಅವನು ಹಾರಿಸಿದ ಗುಂಡು ಕಮಲವ್ವ ಎಂಬ ಗಜೇಂದ್ರಗಡದ ನೇಕಾರ ಹೆಂಗಸಿನ ಬಲಗೈಗೆ ಬಿದ್ದಿತ್ತು. ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ಆಕೆ ಮಾರಲು ಒಯ್ಯುತ್ತಿದ್ದ ಹೊಸ ಸೀರೆಯೊಂದನ್ನೇ ಕೈಗೆ ಸುತ್ತಿದ್ದರು. ದವಾಖಾನೆಗೆ ಒಯ್ಯುವ ಜೀಪು ಇನ್ನೂ ಬಂದಿರಲಿಲ್ಲ.

ಅಷ್ಟರಲ್ಲಿ ಬಂದ ಪೊಲೀಸ್ ಫೌಜದಾರರು ಪಂಚನಾಮೆಗೆ ಇಬ್ಬರು ಸಾಕ್ಷಿಗಳನ್ನು ಹುಡುಕಿದರು. ನಿಲ್ದಾಣದ ಚಹಾ ಅಂಗಡಿಯ ಹುಸೇನಸಾಬ ಒಬ್ಬ. ಬಿಳಿ ಅಂಗಿ ಹಾಕಿದ್ದಕ್ಕೋ ಏನೋ, ಇನ್ನೊಬ್ಬ ನಾನು. ಮೇಜಿನ ಮೇಲೆ ಬಟ್ಟೆ ಹಾಸಿ, ಸಿಕ್ಕಿಬಿದ್ದವನ ಪಿಸ್ತೂಲು ಇಟ್ಟಿದ್ದರು.

ಇಪ್ಪತ್ತಾರು ವರ್ಷದ ರೂಢಿ. ಯೋಚಿಸುವ ಮೊದಲೇ ನನ್ನ ಹೆಬ್ಬೆರಳು ಹಿಡಿಯ ಮೇಲ್ತುದಿಗೆ ಹೋಗಿ ಹೊಲಸು ಒರೆಸಿತು. ಅಲ್ಲಿ ದುಂಡನೆಯ ಗೆರೆಯೊಳಗೆ ಏಳರ ಅಂಕಿ. ನಾನು ನೋಡಿ ಪಾಸು ಮಾಡಿದ ಪ್ರತಿಯೊಂದರ ಮೇಲೂ ಒತ್ತುತ್ತಿದ್ದ ನನ್ನ ಮುದ್ರೆ. ಪಕ್ಕದಲ್ಲಿ ಪರದೇಶವೊಂದರ ಮುದ್ರೆ. ಆ ಮುದ್ರೆಯ ಪಿಸ್ತೂಲುಗಳನ್ನು ನಮ್ಮ ಸರಕಾರ ಆ ದೇಶದ ಪೊಲೀಸರಿಗೆಂದು ಮಾರಿತ್ತು. ಅಲ್ಲಿಂದ ಯಾರ್ಯಾರ ಕೈ ದಾಟಿ ಇದು ಈ ಕಳ್ಳರಿಗೆ ಸಿಕ್ಕಿತೋ ನನಗೆ ಗೊತ್ತಿಲ್ಲ.

ಮುಟ್ಟಿದ್ದಕ್ಕೆ ಫೌಜದಾರರು ಗದರಿದರು. ನಾನು ಇದ್ದದ್ದನ್ನು ಹೇಳಿ, ಎರಡೂ ಮುದ್ರೆಗಳನ್ನು ಪಂಚನಾಮೆಯಲ್ಲಿ ಬರೆಯಿರಿ, ಇದು ಬಂದ ದಾರಿ ಸಿಗುತ್ತದೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಯಜಮಾನ್ರ, ಮುದ್ರಿನೂ ನಿಮ್ದ, ಬೆರಳಿನ ಗುರ್ತೂ ನಿಮ್ದ ಅಂದ್ರ ಮದಲ ನಿಮ್ಮನ್ನ ಒಳಗ ಹಾಕಬೇಕಾಕ್ಕೈತಿ. ಹಳೇ ಪಿಸ್ತೂಲು ಒಂದು ಅಂತ ಬರದೀನಿ. ಸಹಿ ಮಾಡ್ರಿ."

ಹುಸೇನಸಾಬ ಬಗ್ಗಿ ನೋಡಿದ. "ಏಳು ಐತಲ್ರಿ ಸಾಹೇಬ್ರ, ನನಗೂ ಕಾಣಾಕತ್ತೈತಿ."

ಅವನನ್ನು ಚಹಾ ತರಲು ಕಳಿಸಿದರು.

ಬೆಂಚಿನ ಮೇಲಿದ್ದ ಕಮಲವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸಿಟ್ಟಿಲ್ಲದೆ ಕೇಳಿದಳು: "ಹಂಗಾರ ಇದು ಚಲೋ ಐತಿ ಅಂತ ನೋಡಿ ಕೊಟ್ಟಾವ್ರು ನೀವ ಏನ್ರಿ, ಅಣ್ಣಾ?"

ನಾನು ಪಂಚನಾಮೆಯ ಹಾಳೆಯನ್ನು ಹತ್ತಿರ ಎಳೆದುಕೊಂಡೆ. ಸಹಿ ಮಾಡಿದೆ.

ಆ ಕೈ ಮತ್ತೆ ಮಗ್ಗದಲ್ಲಿ ಲಾಳಿ ಓಡಿಸಲಿಲ್ಲ ಎಂದು ಹುಸೇನಸಾಬನಿಂದ ತಿಳಿಯಿತು. ಕೋರ್ಟಿಗೆ ಕರೆದರೆ ಅಲ್ಲಾದರೂ ಹೇಳೋಣ ಎಂದು ಕಾದೆ. ಕರೆಯಲಿಲ್ಲ. ಮನೆಯಲ್ಲಿ ಹೇಳಿಕೊಳ್ಳಲು ಯಾರೂ ಇಲ್ಲ. ಗಜೇಂದ್ರಗಡಕ್ಕೆ ಹೋದಾಗ ಮೂರು ಸಲ ಆಕೆಯ ಓಣಿಯ ತುದಿಯವರೆಗೆ ಹೋಗಿದ್ದೇನೆ. ಮಗ್ಗದ ಸದ್ದು ಕೇಳಿದೊಡನೆ ತಿರುಗಿ ಬಸ್‌ಸ್ಟ್ಯಾಂಡಿಗೆ ಬಂದಿದ್ದೇನೆ.

ಆ ಫೌಜದಾರರು ತೀರಿಕೊಂಡಿದ್ದಾರೆ. ಮುದ್ರೆಯನ್ನು ಕಣ್ಣಾರೆ ಕಂಡ ಹುಸೇನಸಾಬ ಅಂಗಡಿ ಬಿಟ್ಟು ತನ್ನೂರು ಸೂಡಿಯಲ್ಲಿದ್ದಾನೆ. ನಾನು ಸುಮ್ಮನೆ ಸಹಿ ಮಾಡಿದ್ದನ್ನು ಕಂಡವಳು ಕಮಲವ್ವ. ಆಕೆಯೂ ಇದ್ದಾಳೆ; ಆಕೆ ಕೇಳಿದ್ದಕ್ಕೆ ನಾನು ಹೌದು ಎನ್ನುವುದು ಇನ್ನೂ ಬಾಕಿ ಇದೆ.