ಮ್ಯಾಗ್ನೆಟೋ ಮತ್ತು ನನ್ನ ಬಳೆಗಳು

ನಾನು ಹುಟ್ಟಾ ಪುಕ್ಕಲಿ. ಟೊರಾಂಟೊಗೆ ಬಂದು ಎಷ್ಟೋ ವರ್ಷವಾದರೂ ಹೈವೇ ಮೇಲೆ ಕಾರು ಓಡಿಸಿದವಳಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ಮನೆಗೆ ವಾಪಸು ಓಡಿದವಳು. ಆದರೆ ನನ್ನ ಗಂಡನ ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದ ಮೇಲೆ ಹಿಡಿದ ಭಯ ಬೇರೆಯೇ. ಅದಕ್ಕೊಂದು ಕಾರಣವಿತ್ತು, ಮತ್ತು ಆ ಕಾರಣ ರೆಕ್ಸ್‌ಡೇಲಿನ ನಮ್ಮ ಮನೆಯ ಗರಾಜಿನಲ್ಲಿ, ಮೇಜಿನ ಮೇಲೆ, ಎಣ್ಣೆ ಸವರಿಕೊಂಡು ಕೂತಿತ್ತು.

ನನ್ನವರು ಮೋಟಾರ್ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ತೊಂಬತ್ತರ ದಶಕದಲ್ಲಿ ಅವರಿಗೊಂದು ಹುಚ್ಚು ಅಂಟಿತು. ಹಳೇ ಕಾರಿನ ಹೊಟ್ಟೆಗೆ ದೊಡ್ಡ ಎಂಜಿನ್ ತುರುಕಿ, ನೇರ ಟ್ರ್ಯಾಕಿನ ಮೇಲೆ ಕಿವಿ ಹರಿಯುವ ಹಾಗೆ ಓಡಿಸುವ ಜನ ಇಲ್ಲಿ ಇದ್ದಾರೆ. ಅವರಲ್ಲಿ ಕೆಲವರು ಕಾರಿನ ಜತೆ ಬಂದ ಕಿಡಿ ಕೊಡುವ ಸಾಮಾನನ್ನು ಕಿತ್ತು, ಅದರ ಜಾಗಕ್ಕೆ ಮ್ಯಾಗ್ನೆಟೋ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ. ಒಳಗೊಂದು ಅಯಸ್ಕಾಂತ ಗಿರಗಿರ ತಿರುಗಿ ತಾನೇ ಕರೆಂಟು ಹುಟ್ಟಿಸುತ್ತದೆ, ಎಂಜಿನ್ನಿಗೆ ತಾನೇ ಕಿಡಿ ಕೊಡುತ್ತದೆ. ಐವತ್ತು, ಅರವತ್ತರ ದಶಕದಲ್ಲಿ ಸಣ್ಣಪುಟ್ಟ ವರ್ಕ್‌ಶಾಪುಗಳು ಮಾಡಿ ಮಾರಿದ ಮ್ಯಾಗ್ನೆಟೋಗಳು ಕೆಟ್ಟರೆ ಸರಿಮಾಡುವವರು ಆಗಲೇ ಅಪರೂಪ. ನನ್ನವರು ಮಾಡುತ್ತಿದ್ದರು. ಹತ್ತಿರದ ವಿಟ್ಬಿ ಊರಿನಿಂದ ಬಿಳಿಗಡ್ಡದ ಒಬ್ಬ ಮುದುಕ ತನ್ನ ಮ್ಯಾಗ್ನೆಟೋವನ್ನು ಟವೆಲಿನಲ್ಲಿ ಸುತ್ತಿ, ಜ್ವರ ಬಂದ ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದ. ನಮ್ಮ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಸೇರಿದಾಗ ಗಂಡಸರು ಮನೆ ಬೆಲೆ ಮಾತಾಡಿದರೆ ಇವರು ಮ್ಯಾಗ್ನೆಟೋ ಮಾತಾಡುತ್ತಿದ್ದರು. ನಾಲ್ಕು ಮಾತಿಗೆ ಎಲ್ಲರೂ ಪಾಯಸದ ಕಡೆ ತಿರುಗುತ್ತಿದ್ದರು.

ಎರಡು ಸಾವಿರದ ಇಸವಿ ಕಳೆದ ಮೇಲಿನ ಒಂದು ಬೇಸಿಗೆಯಲ್ಲಿ, ಹುಲ್ಲು ಕತ್ತರಿಸುತ್ತಿದ್ದ ಇವರು ಮೆಷಿನ್ನು ಹಿಡಿದಿದ್ದ ಹಾಗೇ ಕುಸಿದರು. ಹೃದಯ ಬಡಿಯುವುದನ್ನೇ ಮರೆಯುತ್ತಿದೆ, ನೆನಪಿಸುವುದಕ್ಕೆ ಒಂದು ಯಂತ್ರ ಬೇಕು ಎಂದರು ಆಸ್ಪತ್ರೆಯಲ್ಲಿ. ಎಡ ಭುಜದ ಕೆಳಗೆ ಚರ್ಮದಡಿ ಬೆಂಕಿಪೆಟ್ಟಿಗೆಯಷ್ಟು ಉಬ್ಬು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಎಚ್ಚರಿಕೆ ಹೇಳಿದರು. ಜೋರಾದ ಅಯಸ್ಕಾಂತದ ಹತ್ತಿರ ಹೋಗಬಾರದು, ಓಡುವ ಎಂಜಿನ್ನಿನ ಕಿಡಿಯ ಮೇಲೆ ಬಗ್ಗಬಾರದು, ಪೇಸ್‌ಮೇಕರ್ ಗಲಿಬಿಲಿಗೊಳ್ಳಬಹುದು. ಉಪ್ಪು ಬಿಡಿ, ತುಪ್ಪ ಬಿಡಿ ಎಂದಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ. ಲೋಕದಲ್ಲಿ ಇಷ್ಟೊಂದು ವಸ್ತುಗಳಿರುವಾಗ ಬಿಡಬೇಕಾಗಿ ಬಂದದ್ದು ಅವರ ಪ್ರಾಣವೇ ಆಗಿದ್ದ ಆ ಒಂದು ವಸ್ತು!

"ಕೇಳಿಸ್ತಾ ರೀ, ಡಾಕ್ಟ್ರು ಹೇಳಿದ್ದು?" ಎಂದೆ ಕಾರಿನಲ್ಲಿ.

"ಕೈಯಳತೆ ದೂರ ಇದ್ರೆ ಸಾಕು ಅಂದ್ರಲ್ಲ. ನಂಗೆ ಗೊತ್ತಿಲ್ವಾ, ನಾನು ಕೇರ್‌ಫುಲ್ ಆಗಿರ್ತೀನಿ."

ಅವರ ಕೇರ್‌ಫುಲ್ ನನಗೆ ಗೊತ್ತು. ಮ್ಯಾಗ್ನೆಟೋ ಬಿಚ್ಚಿ ಕೂತರೆ ಊಟ ಮರೆಯುತ್ತಾರೆ, ಪಕ್ಕದಲ್ಲಿ ನಾನು ನಿಂತಿರುವುದನ್ನು ಮರೆಯುತ್ತಾರೆ. ಎದೆಯಲ್ಲೊಂದು ಯಂತ್ರವಿದೆ ಎನ್ನುವುದನ್ನು ಮರೆಯಲಿಕ್ಕೆ ಎಷ್ಟು ಹೊತ್ತು? ಅವರು ಗರಾಜಿಗೆ ಹೋದಾಗಲೆಲ್ಲ ನಾನೊಂದು ನೆಪ ತೆಗೆದು ಹಿಂದೆ ಹೋಗುತ್ತಿದ್ದೆ. ಮಗಳಿಗೆ ಫೋನ್ ಮಾಡಿ ಅತ್ತರೆ ಅವಳು, "ಅಮ್ಮಾ, ಜಸ್ಟ್ ಹೈಡ್ ದ ಟೂಲ್ಸ್," ಎಂದಳು. ಬಚ್ಚಿಟ್ಟರೆ ಹೊಸತು ತರುತ್ತಾರೆ. ಅಂಗಡಿಗೇನು ಬರವೇ?

ಅಷ್ಟರಲ್ಲಿ ಆಯುಧಪೂಜೆ ಬಂತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಉಪಾಯ ಹೊಳೆಯಿತು. ಪ್ರತಿ ವರ್ಷ ಒಂದು ಸ್ಪ್ಯಾನರ್ ಇಟ್ಟು ಕುಂಕುಮ ಹಚ್ಚುತ್ತಿದ್ದವಳು ಆ ಸಲ ಗರಾಜಿನ ಸಾಮಾನೆಲ್ಲ ಬೇಸ್‌ಮೆಂಟಿಗೆ ತರಿಸಿ, ಗೊಂಬೆಗಳ ಪಕ್ಕದಲ್ಲಿ ಹಲಗೆಯ ಮೇಲೆ ಜೋಡಿಸಿ, ಹೂವೇರಿಸಿ ಪೂಜೆ ಮಾಡಿದೆ. ನಮ್ಮ ಅತ್ತೆಯ ಕಾಲದಿಂದ ಮನೆಯಲ್ಲೊಂದು ಪದ್ಧತಿಯಿದೆ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ದಿನ, ಇಟ್ಟವರೇ ಒಂದಿಷ್ಟು ಸರಿಸಿ ಕದಲಿಸಬೇಕು. ಅಲ್ಲಿಯವರೆಗೆ ಅದು ದೇವರು, ಯಾರೂ ಮುಟ್ಟುವಂತಿಲ್ಲ, ಅದರ ಬದಲಿಗೆ ಹೊಸತು ಕೊಳ್ಳುವಂತೆಯೂ ಇಲ್ಲ. ವಿಜಯದಶಮಿ ಬಂತು. ಗೊಂಬೆಗಳನ್ನು ಇಳಿಸಿದೆ. ಆಯುಧಗಳನ್ನು ಕದಲಿಸಲಿಲ್ಲ.

"ಯಾವಾಗ್ಲೇ ಕದಲಿಸೋದು?" ಎಂದರು.

"ಮನಸ್ಸಿಗೆ ಬಂದಾಗ."

ದೇವರಿದ್ದಾನೋ ಇಲ್ಲವೋ ಎಂದು ಜೀವನವಿಡೀ ವಾದ ಮಾಡಿದ ಮನುಷ್ಯ, ಅಮ್ಮನ ಪದ್ಧತಿ ಎಂದರೆ ಬಾಯಿಮುಚ್ಚುತ್ತಿದ್ದರು. ಹಿಮ ಬಿತ್ತು. ಸಂಕ್ರಾಂತಿಯ ಎಳ್ಳು ಬೀರಿ ಆಯಿತು. ಹಲಗೆಯ ಮೇಲಿನ ಹೂಗಳು ಒಣಗಿ ಪುಡಿಯಾದವು. ಅವರು ಒಮ್ಮೊಮ್ಮೆ ಕೆಳಗಿಳಿದು ತಮ್ಮ ಸಾಮಾನಿನ ಎದುರು ಸುಮ್ಮನೆ ನಿಂತು ಬರುತ್ತಿದ್ದರು. ಆದರೂ ನಾನು ಜಗ್ಗಲಿಲ್ಲ. ಬೇಜಾರಾದ ಗಂಡನಾದರೂ ಬದುಕಿರುತ್ತಾನಲ್ಲ.

ಹಿಮ ಕರಗಿತು. ರೇಸಿನ ಕಾಲ ಬಂತೆಂದು ವಿಟ್ಬಿಯ ಮುದುಕ ಟವೆಲಿನ ಗಂಟು ತಂದುಕೊಟ್ಟು ಹೋದ. ಮರುದಿನ ದೋಸೆ ಹುಯ್ಯಲು ಹೋದರೆ ಮಗುಚುವ ಕೈ ಕಾಣಲಿಲ್ಲ. ತರಕಾರಿ ಚಾಕುವೂ ಇಲ್ಲ. ಗರಾಜಿಗೆ ಓಡಿದೆ. ಇವರು ಮ್ಯಾಗ್ನೆಟೋ ಮೇಲೆ ಬೋರಲು ಬಿದ್ದವರ ಹಾಗೆ ಬಗ್ಗಿ, ನನ್ನ ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸುತ್ತಿದ್ದರು. ಎದೆಗೂ ಅದಕ್ಕೂ ಗೇಣು ಅಂತರವಿಲ್ಲ. ನನ್ನ ಕೂಗಿಗೆ ಬೆಚ್ಚಿ ಹಿಂದೆ ಸರಿದರು.

"ಪೂಜೆಗಿಟ್ಟಿದ್ದು ಒಂದನ್ನೂ ಮುಟ್ಟಿಲ್ಲ ಕಣೆ. ಇದು ಅಡುಗೆಮನೇದು," ಎಂದರು, ಗಂಭೀರವಾಗಿ.

ಹುಟ್ಟುಗುಣ ಸುಟ್ಟರೂ ಹೋಗದು. ಇಂಥವರನ್ನು ಪೂಜೆ ಕಟ್ಟಿಹಾಕುತ್ತದೆಯೇ? ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ಬೇಸ್‌ಮೆಂಟಿಗಿಳಿದು, ಕೈಮುಗಿದು, ಆಯುಧಗಳನ್ನು ಕದಲಿಸಿದೆ. ರಂಗೋಲಿ ಪುಡಿ ತಂದು ಗರಾಜಿನ ನೆಲಕ್ಕೆ ಅಡ್ಡಲಾಗಿ ಒಂದು ಗೆರೆ ಎಳೆದೆ. ಡಾಕ್ಟರು ಹೇಳಿದ್ದು ಕೈಯಳತೆ. ನನ್ನ ಗೆರೆ ಬಾಗಿಲ ಹತ್ತಿರವಿತ್ತು.

"ಇದು ಲಕ್ಷ್ಮಣರೇಖೆ. ನೀವು ಕುರ್ಚಿ ಹಾಕ್ಕೊಂಡು ಆಚೆ ಕೂತ್ಕೊಳ್ಳಿ. ಬಾಯಲ್ಲಿ ಹೇಳಿ, ಕೈಯಲ್ಲಿ ನಾನು ಮಾಡ್ತೀನಿ."

ಹಾಗೆ ನಾನು ಮ್ಯಾಗ್ನೆಟೋ ಕಲಿತೆ. ಅಯಸ್ಕಾಂತಕ್ಕೆ ಹೊಸದಾಗಿ ಶಕ್ತಿ ತುಂಬುವ ಯಂತ್ರವನ್ನು ವಿಟ್ಬಿಯ ಮುದುಕನ ಮನೆಗೆ ಸಾಗಹಾಕಿದೆವು. ಉಳಿದದ್ದು ಒರೆಸುವುದು, ಉಜ್ಜುವುದು, ಎರಡು ಪುಟ್ಟ ಲೋಹದ ತುದಿಗಳ ನಡುವೆ ಕೂದಲೆಳೆಯಷ್ಟು ಜಾಗ ಬಿಡುವುದು. ಹೋಳಿಗೆ ಲಟ್ಟಿಸಿದ ಕೈಗೆ ಅದೇನೂ ಕಷ್ಟವಾಗಲಿಲ್ಲ. ಹೇಳಿಕೊಡುವ ಇವರ ದನಿಯಲ್ಲಿ ಜೀವ ಬಂದಿತ್ತು. ನನ್ನ ಅರ್ಧ ಕಣ್ಣು ಮಾತ್ರ ಸದಾ ಆ ಗೆರೆಯ ಮೇಲೆ.

ಕೊನೆಗೆ ಪರೀಕ್ಷೆಯ ದಿನ. ಮ್ಯಾಗ್ನೆಟೋವನ್ನು ಮೇಜಿಗೆ ಬಿಗಿದು, ಡ್ರಿಲ್ ಮೆಷಿನ್ನಿನಿಂದ ಅದರ ದಂಡವನ್ನು ತಿರುಗಿಸಿದರೆ, ತಂತಿಯ ತುದಿಯಲ್ಲಿ ಕಿಡಿ ಹಾರಬೇಕು.

"ಬಳೆ ತೆಗ್ದಿಡು," ಎಂದರು ಆಚೆಯಿಂದ.

"ಬರಿಗೈ ಮಾಡ್ಕೊಳ್ಳಲ್ಲ."

"ಲೇ, ಚಿನ್ನಕ್ಕೆ ಕಿಡಿ ಹಾರತ್ತೆ."

"ನೀವು ಆಸ್ಪತ್ರೇಲಿದ್ದಾಗ್ಲೂ ತೆಗೀಲಿಲ್ಲ. ಈಗ ತೆಗೀತೀನಾ?"

ಮುತ್ತೈದೆ ಬರಿಗೈಯಲ್ಲಿರಬಾರದು, ಗಂಡನ ಆಯುಷ್ಯಕ್ಕೆ ಒಳ್ಳೆಯದಲ್ಲ ಎಂದು ನನ್ನಮ್ಮ ಹೇಳಿದ್ದು. ಬೇರೆ ವರ್ಷವಾಗಿದ್ದರೆ ನಕ್ಕು ತೆಗೆಯುತ್ತಿದ್ದೆನೇನೋ. ಆ ವರ್ಷ ಅವರ ಆಯುಷ್ಯಕ್ಕೆ ಕೂದಲೆಳೆಯ ಆಧಾರ ಸಿಕ್ಕರೂ ಬಿಡುವ ಧೈರ್ಯ ನನಗಿರಲಿಲ್ಲ. ಸ್ವೆಟರ್ ತೋಳನ್ನು ಬಳೆಗಳ ಮೇಲೆ ಎಳೆದುಕೊಂಡು ಡ್ರಿಲ್ ಒತ್ತಿದೆ.

ಕಿಡಿ ಬಂತು, ನೀಲಿ, ಚಟಚಟ. ಖುಷಿಯಲ್ಲಿ ಮುಂದೆ ಬಗ್ಗಿದೆ. ತೋಳು ಸರಿಯಿತು. ತಂತಿಯ ತುದಿಯಿಂದ ಕಿಡಿ ನೇರ ನನ್ನ ಬಳೆಗೆ ಹಾರಿತು. ಯಾರೋ ಮೊಣಕೈಗೆ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಡ್ರಿಲ್ ಕೆಳಗೆ ಬಿತ್ತು, ನಾನೂ ಬಿದ್ದೆ.

ಕಣ್ಣು ಬಿಟ್ಟರೆ ಇವರು ಮೇಜಿನ ಪಕ್ಕದಲ್ಲಿ, ನನ್ನ ಕೈಯನ್ನು ತಮ್ಮ ಎದೆಗೇ ಒತ್ತಿಕೊಂಡು ಕೂತಿದ್ದಾರೆ.

"ಗೆರೆ! ಗೆರೆ ದಾಟಿದ್ದೀರಿ! ಹೋಗ್ರೀ ಆಚೆ!" ಎಂದು ಕಿರುಚಿದೆ. ಡ್ರಿಲ್ ಬಿದ್ದಾಗಲೇ ಮ್ಯಾಗ್ನೆಟೋ ತಿರುಗುವುದೂ ಕಿಡಿಯೂ ನಿಂತುಹೋಗಿತ್ತು ಎನ್ನುವುದು ನನಗೆ ಹೊಳೆಯಲೇ ಇಲ್ಲ. ಅವರನ್ನು ದರದರ ಎಳೆದುಕೊಂಡು ಬಾಗಿಲವರೆಗೆ ಹೋದೆ. ಎಡ ಭುಜದ ಕೆಳಗೆ ಕಿವಿಯಿಟ್ಟು ಕೇಳಿದೆ. ಬಡಿಯುತ್ತಿತ್ತು. ಜೋರಾಗಿ, ತಪ್ಪದೆ.

"ಎದೇಲೊಂದು ಮೆಷಿನ್ ಇದೆ ಅನ್ನೋದೇ ಮರ್ತೋಯ್ತು ಕಣೆ," ಎಂದರು.

ಚಳಿಗಾಲವಿಡೀ ನಾನು ಹೆದರಿದ್ದು ಇದಕ್ಕೇ, ಅವರು ಮರೆಯುತ್ತಾರೆ ಎಂದು. ಮರೆತರೆ ಮ್ಯಾಗ್ನೆಟೋಗಾಗಿ ಮರೆಯುತ್ತಾರೆ ಎಂದುಕೊಂಡಿದ್ದೆ. ನನಗಾಗಿ ಮರೆತಾರು ಎಂದು ಒಮ್ಮೆಯೂ ಅನ್ನಿಸಿರಲಿಲ್ಲ. ಸಿಟ್ಟು ಬಂತು, ಅಳುವೂ ಬಂತು.

ಸ್ವಲ್ಪ ಹೊತ್ತಾದ ಮೇಲೆ ಅವರು ನನ್ನ ಕೈ ತಿರುಗಿಸಿ ನೋಡಿ, "ಗಾಜಿನ ಬಳೆ ಇರ್ಲಿ. ಗಾಜಿಗೆ ಕರೆಂಟ್ ಹತ್ತಲ್ಲ. ಚಿನ್ನದ್ದು ಮಾತ್ರ ತೆಗಿ," ಎಂದರು.

"ಇದನ್ನ ಮೊದ್ಲೇ ಹೇಳೋಕೇನಾಗಿತ್ತು?"

"ನೀನು ಕೇಳೋ ಹಾಗಿದ್ಯಾ?"

ಅವರ ಕಾಲಿಗೆ ಸಿಕ್ಕಿ ಅಳಿಸಿಹೋಗಿದ್ದ ಗೆರೆಯನ್ನು ಮತ್ತೆ ಎಳೆದೆ. ಚಿನ್ನದ ಬಳೆಗಳನ್ನು ಸೋಪು ಹಚ್ಚಿ ಬಿಚ್ಚಿ, ಗೆರೆಯ ಆಚೆ ಕೂತ ಅವರ ಕೈಗೆ ಕೊಟ್ಟೆ. ಮಣಿಕಟ್ಟಿನಲ್ಲಿ ಹಸಿರು ಗಾಜಿನ ಬಳೆ ಮಾತ್ರ ಉಳಿಯಿತು. ಮತ್ತೆ ಡ್ರಿಲ್ ಎತ್ತಿಕೊಂಡೆ. ಕಿಡಿ ಹಾರಿದಾಗ ಅವರು ಕಿಡಿಯನ್ನು ನೋಡಲಿಲ್ಲ. ನನ್ನ ಕೈಯನ್ನೇ ನೋಡುತ್ತ, ಕೆಲಸ ಮುಗಿಯುವವರೆಗೂ ಆ ಬಳೆಗಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದರು.